ಕಳ್ಳ ವಿಚಾರಿಸಿದ ಯೋಗಕ್ಷೇಮ

ರೀ,

ನಾನು ಡ್ಯೂಟಿಗೆ ಹೊರಟೆ. ನಿಮ್ಮ ಮುಖ ನೋಡಿ ಮಾತಾಡೋಕೂ ಮನಸ್ಸಿಲ್ಲ, ಅದಕ್ಕೇ ಈ ಚೀಟಿ.

ಊರಿಗೆಲ್ಲ ಬೀಗ ರಿಪೇರಿ ಮಾಡೋರು ನೀವು. ಅಂಗಡಿ ಕೀಲಿಗಳಿಗೆ ನಂಬರ್ ಅಂಟಿಸೋ ಹಾಗೆ ಫೋನಿನ ಬೆನ್ನಿಗೂ ಲಾಕ್ ನಂಬರ್ ಅಂಟಿಸಿ, ಬಸ್ಸಲ್ಲಿ ಕಳ್ಳನ ಪಾಲು ಮಾಡಿ ಬಂದಿರಿ. ಥೂ.

ನನ್ನ ಹಳೇ ಫೋನ್ ಫ್ರಿಜ್ ಮೇಲಿದೆ. ಮೊದಲು ಸಿಮ್ ಬ್ಲಾಕ್ ಮಾಡಿಸಿ, ಆಮೇಲೆ ಬ್ಯಾಂಕಿಗೆ ಹೇಳಿ. ಪಾಸ್‌ವರ್ಡ್ ಎಲ್ಲಾ ಬದಲಾಯಿಸಿ ತಲೆಯಲ್ಲಿಟ್ಟುಕೊಳ್ಳಿ. ಅಲ್ಲಿ ಜಾಗ ಬೇಕಾದಷ್ಟಿದೆ.

ಕಳ್ಳ ನಿನ್ನೆಯೇ ನಿಮ್ಮ ಹೆಸರಲ್ಲಿ ನಮ್ಮಮ್ಮನಿಗೆ ಮೆಸೇಜ್ ಹಾಕಿದ್ದಾನೆ: "ಅತ್ತೆ, ಊಟ ಆಯ್ತಾ? ನಿಮಗೊಂದು ಓಟಿಪಿ ಬರುತ್ತೆ, ಕಳಿಸಿ."

ಅಮ್ಮ ಕಳಿಸಿಲ್ಲ. "ನಿನ್ನ ಗಂಡ ಒಂದು ದಿನಾನೂ ಊಟ ಆಯ್ತಾ ಅಂತ ಕೇಳಿದೋರಲ್ಲ. ಇಷ್ಟು ಮರ್ಯಾದೆ ಇರೋನು ಕಳ್ಳನೇ ಇರಬೇಕು ಅಂದ್ಕೊಂಡೆ" ಅಂದಳು.