ಲೆನಾರ್ಟ್ ತೆರೆದು ತೋರಿಸಿದ ಬೀರು

ಸ್ಯಾಂಡ್‌ವಿಕೆನ್, ಅಕ್ಟೋಬರ್ 14, ಮಂಗಳವಾರ

ಲೆನಾರ್ಟ್ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಪಕ್ಕದ ಮನೆಯ ಈ ಬೇಟೆಗಾರ ಹೋದ ವಾರ ಫಿಕಾಕ್ಕೆ, ಅಂದರೆ ಇಲ್ಲಿನವರ ಕಾಫಿ-ತಿಂಡಿಗೆ, ಕರೆದು, ನಾನು ಕೇಳಿದೆನೆಂದು ಬಂದೂಕಿನ ಬೀರು ತೆರೆದು ತೋರಿಸಿದ್ದರು. ಇವತ್ತು ಲೈಬ್ರರಿಯಲ್ಲಿ ನಡೆದ ಬಂದೂಕು ಕಾನೂನಿನ ಚರ್ಚೆಯಲ್ಲಿ, ಜನರ ಕೈಯಲ್ಲಿ ಇರಬಾರದಂಥ ಯುದ್ಧದ ಬಂದೂಕು ಎಂದರೆ ಯಾವುದು ಎಂದು ಕೇಳಿದಾಗ ನಾನು ಅವರದ್ದನ್ನೇ ವರ್ಣಿಸಿದೆ: ಕಪ್ಪು ಹಿಡಿ, ಕಳಚಿ ಹಾಕುವ ಮ್ಯಾಗಜೀನ್, ಟ್ರಿಗರ್ ಒತ್ತಿದಷ್ಟು ಸಲವೂ ಹಾರುವ ಗುಂಡು. ಎಲ್ಲರೂ ತಲೆದೂಗಿದರು. ಕೊನೆಯ ಸಾಲಿನಲ್ಲಿ ಲೆನಾರ್ಟ್ ಕೂತಿದ್ದು ಆಮೇಲೆ ಕಂಡಿತು.

ವಾಪಸು ಅವರ ಕಾರಿನಲ್ಲೇ ಬಂದೆ. "ಹಿಡಿಯ ಮೇಲಿನ ಗೀರೊಂದನ್ನು ಮಾತ್ರ ನೀನು ಹೇಳೋದು ಮರೆತೆ," ಅಂದರು. ನಗಲಿಲ್ಲ.

ಅಂಥ ಬಂದೂಕು ಬೇಡ ಎಂದೇ ಈಗಲೂ ಅನ್ನಿಸುತ್ತದೆ. ಆದರೆ ಅದನ್ನು ಅವರ ಅಡುಗೆಮನೆಯಲ್ಲಿ, ಅವರಿಗೇ ಮೊದಲು ಹೇಳಬೇಕಿತ್ತು. ಅಲ್ಲಿ ನಾನು ಬಂದೂಕು ಚೆನ್ನಾಗಿದೆ ಅಂದು, ಇನ್ನೊಂದು ದಾಲ್ಚಿನ್ನಿ ಬನ್ನು ಕೇಳಿ ಹಾಕಿಸಿಕೊಂಡು ತಿಂದು ಬಂದಿದ್ದೆ.