ಹಿತ್ತಲ ಮಣ್ಣು ಸುಟ್ಟ ದಿನ

ಪಿರಿಯಾಪಟ್ಟಣ
10 ಮಾರ್ಚ್ 2003

ಪ್ರೀತಿಯ ಅತ್ತೆಮ್ಮನವರಿಗೆ,

ನಿಮ್ಮ ಮೊಣಕಾಲು ನೋವು ಹೇಗಿದೆ? ಸರಗೂರಿನ ಡಾಕ್ಟರು ಕೊಟ್ಟ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀರೋ, ಇಲ್ಲ ಅದನ್ನೂ ಭಾಗ್ಯಳ ಮನೆಯ ಎಮ್ಮೆಗೆ ಸವರಿ ಮುಗಿಸಿದಿರೋ? ಮೊಮ್ಮಗಳು ಕಾವ್ಯಶ್ರೀ ಈ ಕಾಗದ ಓದಿ ಹೇಳುವಾಗ ಅಜ್ಜಿಯ ಮುಖ ನೋಡುತ್ತಾ ಓದಲಿ. ಇಲ್ಲಿ ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಚೆನ್ನಾಗಿದ್ದೇವೆ, ಆದರೆ ದಣಿದಿದ್ದೇವೆ. ನಿಮ್ಮ ಮಗ ಹೊಗೆಸೊಪ್ಪಿನ ಸಸಿಮಡಿಯ ಕೆಲಸದಲ್ಲಿ ಊಟದ ಹೊತ್ತನ್ನೂ ಮರೆತಿದ್ದಾರೆ. ನಾನು ಕಾಲೇಜಿನಲ್ಲಿ ಪಾಠ ಮುಗಿಸಿ ಬಂದರೆ ಕುರ್ಚಿಯಲ್ಲಿ ಕೂತಲ್ಲೇ ಕೂರುತ್ತೇನೆ. ಬಾವಿಯ ನೀರನ್ನು ಮೈಸೂರಿಗೆ ಪರೀಕ್ಷೆಗೆ ಕಳಿಸಿದ್ದೆ. ಅದರಲ್ಲಿ ವಿಷವೇನೂ ಇಲ್ಲವಂತೆ. ಒಳ್ಳೆಯ ಸುದ್ದಿ ಅದೊಂದೇ, ಅದಕ್ಕೇ ಮೊದಲು ಬರೆದೆ.

ಇನ್ನು ಹಿತ್ತಲಿನ ವಿಷಯ. ದೀಪಾವಳಿಗೆ ಮುಂಚೆ ನಿಮ್ಮ ಕೋಳಿಗಳು ಒಂದಾದ ಮೇಲೊಂದು ಸತ್ತಾಗ ಅವು ಕೆದಕುತ್ತಿದ್ದ ಮೂಲೆ ಅಗೆಸಿದ್ದು, ಒಳಗಿಂದ ಬಿ.ಎಚ್.ಸಿ. ಪುಡಿಯ ಹರಕು ಚೀಲಗಳು ಎದ್ದದ್ದು, ಎಷ್ಟೋ ವರ್ಷದ ಹಿಂದೆ ಉಳಿದ ಕೀಟನಾಶಕವನ್ನು ತಾವೇ ಅಲ್ಲಿ ಹೂತಿದ್ದಾಗಿ ಹೇಳಿ ಮಾವನವರು ತಲೆ ತಗ್ಗಿಸಿದ್ದು, ಎಲ್ಲ ನಿಮ್ಮ ಕಣ್ಣೆದುರೇ ಆಯಿತು. ಅದರ ಮೇಲೆ ನೀವು ಬೆಳೆದ ದಂಟು, ಹರಿವೆ ಯಾರೂ ತಿನ್ನಬಾರದೆಂದು ಹೇಳಿ ನಾನು ಕೀಳಿಸಿ ಹಾಕಿದೆ. ನೀವು ಕೂಗಾಡಲಿಲ್ಲ. “ನನ್ನ ಮಗಳ ಬಾಣಂತನ ಮಾಡಿದ್ದು ಇದೇ ಸೊಪ್ನಾಗೆ ಕಣವ್ವ. ಅಂಗಾರೆ ನಾನು ಮಕ್ಳಿಗೆ ಇಸ ಇಕ್ದೆ ಅನ್ನು” ಎಂದಿರಿ, ಅಷ್ಟೆ. ಒಂದು ವಾರ ಇದ್ದು ಬರುತ್ತೇನೆಂದು ಮಗಳು ಭಾಗ್ಯಳ ಮನೆಗೆ ಹೋದವರು ಇನ್ನೂ ಬಂದಿಲ್ಲ. ನಾನು ಹೇಳಿದ್ದು ನಿಜವೇ. ಆದರೆ ನಿಜ ಹೇಳುವ ಮೊದಲು ಎದುರಿಗಿರುವವರ ಕೈಯಲ್ಲಿ ಏನಿದೆ ಎಂದು ನೋಡಬೇಕೇನೋ. ನಿಮ್ಮ ಕೈಯಲ್ಲಿ ಆಗ ಸೊಪ್ಪಿನ ಕಟ್ಟಿತ್ತು.

ಯುಗಾದಿಯೊಳಗೆ ಆ ಮಣ್ಣನ್ನು ಸರಿಮಾಡಿ ನಿಮ್ಮನ್ನು ಕರೆಸಿಕೊಳ್ಳಬೇಕೆಂದು ನಾನು ಹಟ ಹಿಡಿದೆ. ಮೈಸೂರಿನ ಪ್ರಯೋಗಾಲಯದವರು ಬಂದು ಚೀಲದ ಚೂರು, ಪುಡಿಯ ಗಟ್ಟಿ ಎಲ್ಲ ಆರಿಸಿ ಒಯ್ದರು. ಉಳಿದ ಮಣ್ಣಿಗೆಂದು ಒಂದು ಕ್ಯಾನಿನಲ್ಲಿ ಗಂಜಿಯ ತಿಳಿಯಂಥ ನೀರು ಕೊಟ್ಟರು. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಇಂಥದೇ ವಿಷ ಬಿದ್ದ ಹೊಲದಲ್ಲಿ ಬದುಕಿ ಅದನ್ನೇ ತಿನ್ನಲು ಕಲಿತಂಥವು. ಫೋನಿನಲ್ಲಿ ಇದನ್ನು ಹೇಳಿದಾಗ ನೀವು, “ಉಳ ಸಾಯ್ಲಿ ಅಂತ ಹಾಕಿದ್ ಪುಡಿನ ತಿನ್ನಾಕೆ ಇನ್ನೊಂದ್ ಉಳ ತಂದ್ಯಾ? ಓದ್ದೋರ್ ಬುದ್ಧಿ ಕಣವ್ವ” ಎಂದು ನಕ್ಕಿರಿ. ಎಷ್ಟೋ ದಿನದ ಮೇಲೆ ನಿಮ್ಮ ನಗು ಕೇಳಿದ್ದು ಆಗಲೇ. ಅಂದಿನಿಂದ ಕೈಗವಸು ತೊಟ್ಟು ಆ ಮಣ್ಣನ್ನು ಮಗುಚುವುದು, ಒಣಗದಂತೆ ನೀರು ಚಿಮುಕಿಸುವುದು, ಹುಲ್ಲು ಹೊದಿಸುವುದು ನನ್ನ ಕೆಲಸವಾಯಿತು. ಜನವರಿಯಲ್ಲಿ ಪರೀಕ್ಷಿಸಿದಾಗ ವಿಷ ಅರ್ಧದಷ್ಟು ಇಳಿದಿತ್ತು. ಆದರೆ ನೋಡುವವರಿಗೆ ಅದು ಬರೀ ಒದ್ದೆ ಮಣ್ಣು. ಮಾವನವರು ದಿನಾ ಬಂದು ಬಗ್ಗಿ ನೋಡುತ್ತಿದ್ದರು. “ಏನೂ ಕಾಣಾಕಿಲ್ವಲ್ಲವ್ವ” ಎನ್ನುತ್ತಿದ್ದರು.

ಹೋದ ತಿಂಗಳ ಕೊನೆಯಲ್ಲಿ ನಾನು ಕಾಲೇಜಿನಿಂದ ಬರುವಾಗ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಹೊಗೆಸೊಪ್ಪಿನ ಬೀಜ ಚೆಲ್ಲುವ ಮುಂಚೆ ಮಡಿಯ ಮೇಲೆ ತರಗು ಹರಡಿ ಸುಡುತ್ತೇವಲ್ಲ, ಕಳೆ, ಹುಳ, ರೋಗ ಎಲ್ಲ ಹೋಗಲೆಂದು, ನೀವೇ ಎಷ್ಟು ವರ್ಷ ಅದಕ್ಕೆ ತರಗು ಹೊತ್ತಿದ್ದೀರಿ. ಮಾವನವರು ಹಾಗೆಯೇ ಸುಟ್ಟುಬಿಟ್ಟಿದ್ದರು. ಆಳುಗಳನ್ನೂ ಕರೆಯದೆ ಪುರಲೆ ಕಡ್ಡಿ, ತರಗು ತಾವೇ ಹೊತ್ತು ತಂದು, ನನ್ನ ಹುಲ್ಲಿನ ಹೊದಿಕೆಗೇ ಬೆಂಕಿ ಹಚ್ಚಿದ್ದರು. ಮೈಯೆಲ್ಲ ಮಸಿ, ಮುಖದಲ್ಲಿ ಗೆದ್ದ ಕಳೆ. “ಮಡಿ ಸುಡ್ದೆ ಯಾವ ಸಸಿ ಎದ್ದಿದ್ದವ್ವ? ಉಗಾದಿಗೆ ನೆಲ ಸುದ್ದ ಆಯ್ತು ಅಂತ ನಿಮ್ಮತ್ತೆಗೆ ಯೋಳಿ ಕಳಿಸು” ಎಂದರು. ಆ ಹೊಗೆ ಒಳ್ಳೆಯದಲ್ಲವೆಂದು ಅವರನ್ನು ಮೊದಲು ದೂರ ಕರೆದೊಯ್ದೆ. (ಎರಡು ದಿನ ಕೆಮ್ಮಿದರು, ಈಗ ಇಲ್ಲ. ಗಾಬರಿಯಾಗಬೇಡಿ.) ಆಮೇಲೆ, ಬೆಂಕಿಗೆ ಒಳ್ಳೆಯ ಹುಳ ಕೆಟ್ಟ ಹುಳ ಗೊತ್ತಾಗುವುದಿಲ್ಲ ಮಾವ, ಎಂದು ಹೇಳಿದೆ. “ಅಂಗಾರೆ ಅವು ಸತ್ವಾ?” ಎಂದು ಕೇಳಿದರು, ಕೋಳಿಮರಿಗಳ ವಿಷಯ ಕೇಳಿದ ಹಾಗೆ.

ರೇಗಬೇಕೆಂದು ಬಾಯಿ ತೆರೆದವಳು ರೇಗಲಾರದೆ ಹೋದೆ. ಪ್ರಯೋಗಾಲಯದವರ ಪ್ರಕಾರ ಕಾವು ನಾಲ್ಕು ಬೆರಳಿಗಿಂತ ಕೆಳಗೆ ಇಳಿದಿರಲಾರದು, ತಳದಲ್ಲಿ ಕೆಲವು ಉಳಿದಿರಬಹುದು. ಆದರೂ ಬೂದಿ ತೆಗೆದು, ಹೊಸದಾಗಿ ಬೆರೆಸಿ, ಮೊದಲಿನಿಂದ ಆರಂಭಿಸಬೇಕು. ಮುಂದಿನ ಯುಗಾದಿಗಾದರೂ ಆದೀತೇ ಎಂದರೆ ಅವರು ಮಾತು ಕೊಡಲಿಲ್ಲ. ನಾನೂ ಈ ಸಲ ಕೊಡುವುದಿಲ್ಲ. ನಿನ್ನೆ ಮತ್ತೆ ಗುದ್ದಲಿ ಹಿಡಿದಾಗ ತೋಳು ಏಳಲಿಲ್ಲ. ಇಷ್ಟೆಲ್ಲ ಮಣ್ಣಿಗಾಗಿಯೋ, ನನ್ನ ಮಾತು ಗೆಲ್ಲಲೆಂದೋ ಎಂದು ನನ್ನನ್ನೇ ಕೇಳಿಕೊಂಡೆ. ಆದರೂ ಮಗುಚಿದೆ.

ಭಾಗ್ಯಳಿಗೂ ಅವಳ ಯಜಮಾನರಿಗೂ ನಮ್ಮ ನೆನಪು ತಿಳಿಸಿ. ಕಾವ್ಯಶ್ರೀಗೆ ಮುತ್ತು. ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ರಾಧಾ

ಮರೆತಿದ್ದೆ: ಮಾವನವರು ಜಗಲಿಯ ಮೇಲೆ ಹಳೆಯ ಕುಕ್ಕೆಗಳಿಗೆ ಕೆರೆಯ ಗೋಡುಮಣ್ಣು ತುಂಬಿ ದಂಟಿನ ಬೀಜ ಚೆಲ್ಲಿದ್ದಾರೆ. ಸುಡದೆ! ದಟ್ಟವಾಗಿ ಮೊಳೆತಿದೆ. ನಡುನಡುವೆ ಕಿತ್ತು ಬಿಡಿಸೋಣವೆಂದರೆ ನನ್ನನ್ನು ಮುಟ್ಟಗೊಡುವುದಿಲ್ಲ, “ಅವ್ಳೇ ಬಂದು ಕೀಳ್ಲಿ ಬುಡು” ಎನ್ನುತ್ತಾರೆ. ಹಿತ್ತಲ ಮಣ್ಣು ತನ್ನ ಹೊತ್ತು ತೆಗೆದುಕೊಳ್ಳಲಿ, ಅದಕ್ಕಾಗಿ ನೀವು ಕಾಯಬೇಡಿ. ಬರುವ ಭಾನುವಾರ ಮಾವನವರೇ ಎಚ್.ಡಿ. ಕೋಟೆ ಬಸ್ಸಿನಲ್ಲಿ ಸರಗೂರಿಗೆ ಬರುತ್ತಾರೆ. ನಿಮಗೆ ತಿಳಿಸಬಾರದೆಂದು ನನಗೆ ಆಣೆ ಹಾಕಿದ್ದಾರೆ. ಎತ್ತು ನೋಡಲು ಬಂದೆ ಎಂದಾರು, ನಂಬಿದ ಹಾಗೆ ಮಾಡಿ. ಬ್ಯಾಗು ಮಾತ್ರ ಈಗಲೇ ತುಂಬಿಟ್ಟುಕೊಳ್ಳಿ.