ಈ ವರ್ಷದ ಬಾಟ್ಲಿ

ನಿಂಗಾ,

ಇವತ್ತು ಯುಗಾದಿಯ ಮಾರನೆ ದಿನ, ಹೊಸತೊಡಕು. ಮದ್ದೂರಿನ ಹೆಂಡದಂಗಡಿಯ ಹಿಂದೆ ಕುಳಿತು, ವರ್ಷದಲ್ಲಿ ಕುಡಿದದ್ದರಲ್ಲಿ ಮರೆಯಲಾಗದ ಬಾಟ್ಲಿ ಯಾವುದೆಂದು ಎಂದಿನಂತೆ ಒಬ್ಬೊಬ್ಬರೇ ಹೇಳಿದೆವು. ಮರಿಗ, ಯುದ್ಧಕ್ಕೆ ಹೊರಟ ಸಿಪಾಯಿ ಕೊಟ್ಟ ರಮ್ಮು ಎಂದ. ನನ್ನ ಸರದಿಗೆ ಬೋರ ನಕ್ಕ. "ಇವನ್ನೇನ್ ಕೇಳೀಯೆ ಬುಡ್ಲಾ. ಕೊನೇ ಗುಟುಕಿಗೆ ಕಿತ್ತಾಡಿ ನಿಂಗನ್ ತಲೆ ಮ್ಯಾಲೆ ಒಡೆದ್ನಲ್ಲ, ಅದೇ ಕಣ್ಲಾ."

ಬೋರನ ಮೂಗಿನ ಮೂಳೆ ಮುರಿದ ಸದ್ದು ಕೇಳಿದ ಮೇಲೂ ಹೊಡೆದೆ. ಎರಡು ಹಲ್ಲು ಉದುರಿದವು. ಮರಿಗ ನನ್ನನ್ನು ಎಳೆತಂದು ನಿಮ್ಮ ಜಗಲಿಯಲ್ಲಿ ಕೂರಿಸಿ, ನಿಂಗನ ವಿಷಯಕ್ಕೆ ಜಗಳ ಎಂದಷ್ಟೇ ನಿಮ್ಮವ್ವನಿಗೆ ಹೇಳಿ ಹೋದ.

ನೀನು ಈಚಲ ಮರದಿಂದ ಬಿದ್ದು ಸತ್ತೆಯೆಂದು ನಾನು ಹೇಳಿದ್ದನ್ನು ನಿಮ್ಮವ್ವ ಇನ್ನೂ ನಂಬಿದ್ದಾಳೆ. ನನ್ನ ಕೈಯ ರಕ್ತ ತೊಳೆಯುತ್ತ, "ನಮ್ ನಿಂಗನ್ನ ಆಡ್ಕೊಂಡ ಅಂತ ಬಡ್ದ್ಯಾ ಮಗಾ?" ಎಂದಳು.

ಹೂಂ ಅಂದೆ.

ನಿನ್ನ ತಟ್ಟೆ ತಂದು, ಬಾಡಿನ ಮೊದಲ ತುಂಡನ್ನು ನನಗೇ ಬಡಿಸಿದಳು. ತಿಂದೆ.